ಚಾಂದಿನಿಯ ಫ್ರೆಂಚು, ನನ್ನ ಫ್ರೆಂಚು

ಕಳೆದ ತಿಂಗಳು ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸು ಹತ್ತಿ ಕೂತಿದ್ದೆ. ಗಾಳಿಗೆ ಧೂಳು ಏಳುತ್ತಿತ್ತೆಂದು ಎಲ್ಲರೂ ಕಿಟಕಿ ಎಳೆದುಕೊಂಡಿದ್ದರು. ಮುಂದಿನ ಸೀಟಿನ ಹೆಂಗಸಿನಿಂದ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಬಂತು. ಅಂಗಡಿಯ ಎಣ್ಣೆಯದಲ್ಲ. ಕೊಬ್ಬರಿ ಎಣ್ಣೆಗೆ ಗರುಗದ ಸೊಪ್ಪು, ಮೆಂತ್ಯ, ದಾಸವಾಳದ ಎಲೆ, ನನಗೆ ಹೆಸರು ಗೊತ್ತಿಲ್ಲದ ಏನೇನೋ ಬೇರು ಹಾಕಿ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ್ದರ ವಾಸನೆ. ಆ ಹೆಂಗಸಿನ ಮುಖ ನಾನು ನೋಡಲಿಲ್ಲ. ನೋಡುವ ಮೊದಲೇ ಹೊಟ್ಟೆಯಲ್ಲಿ ಸಣ್ಣಗೆ ಏನೋ ಉರಿಯಿತು. ಅದು ಹಸಿವೆಯಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆ ಉರಿಯ ಊರು ಚನ್ನಗಿರಿ, ಹೆಸರು ಚಾಂದಿನಿ.

ನಮ್ಮದು ನ್ಯಾಮತಿ. ಅಪ್ಪನದು ಪೇಟೆಯಲ್ಲಿ ಕಿರಾಣಿ ಅಂಗಡಿ. ದಿನಾ ಹೊನ್ನಾಳಿಗೆ ಓಡಾಡಿ ಡಿಗ್ರಿ ಮುಗಿಸಿದೆ. ಬಿ.ಇಡಿ.ಗೆ ಚನ್ನಗಿರಿಯಲ್ಲಿ ಸೀಟು ಸಿಕ್ಕಿತು. ಅಪ್ಪನ ತಂಗಿ ಪುಷ್ಪತ್ತೆಯ ಮನೆ ಅಲ್ಲೇ ಇದ್ದದ್ದರಿಂದ ಅವರಲ್ಲೇ ಉಳಿದೆ. ಹೈಸ್ಕೂಲಿನಿಂದಲೂ ದಿನಚರಿ ಬರೆಯುತ್ತೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಲೆಕ್ಕ ಜಾಸ್ತಿ. ಎಷ್ಟು ಗಂಟೆಗೆ ಎದ್ದೆ, ಎಷ್ಟು ಪುಟ ಓದಿದೆ, ಬಸ್ಸು ಎಷ್ಟು ತಡ, ಇಂಥವು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬೆಳೆದವಳಿಗೆ ಅದು ತಾನಾಗಿ ಬಂದ ಅಭ್ಯಾಸ.

ಫ್ರೆಂಚನ್ನೂ ಹಾಗೆ ಲೆಕ್ಕ ಹಾಕಿಯೇ ಶುರು ಮಾಡಿದ್ದೆ. ಕಾಲೇಜಿಗೆ ಭಾಷಣಕ್ಕೆ ಬಂದಿದ್ದ ಒಬ್ಬರು, ಬಯೋಡೇಟಾದಲ್ಲಿ ಒಂದು ವಿದೇಶಿ ಭಾಷೆ ಇದ್ದರೆ ಖಾಸಗಿ ಶಾಲೆಯವರು ಮೊದಲು ಕರೆಯುತ್ತಾರೆ ಎಂದಿದ್ದರು. ಆನ್‌ಲೈನ್ ಕ್ಲಾಸುಗಳನ್ನು ಹುಡುಕಿದೆ. ಜರ್ಮನ್ ಬೆಳಗಿನ ಆರಕ್ಕೆ, ಜಪಾನಿಗೆ ಫೀಸು ಜಾಸ್ತಿ, ಫ್ರೆಂಚ್ ಸಂಜೆ ಏಳಕ್ಕೆ. ನಾನು ಫ್ರೆಂಚ್ ಆರಿಸಿಕೊಂಡದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ದಿನಕ್ಕೆ ಹತ್ತು ಪದ, ಭಾನುವಾರ ಪುನರಾವರ್ತನೆ. ಜುಲೈ ಹೊತ್ತಿಗೆ ದಿನಚರಿಯ ಒಂದು ಕಾಲಂನಲ್ಲಿ ಪದಗಳ ಮೊತ್ತ ಒಂಬೈನೂರು ದಾಟಿತ್ತು. ಪಕ್ಕದ ಕಾಲಂಗೆ ‘ಮನುಷ್ಯರ ಜೊತೆ ಆಡಿದ ಮಾತು’ ಎಂದು ತಲೆಬರಹ ಕೊಟ್ಟಿದ್ದೆ. ಅದು ಸೊನ್ನೆಯಲ್ಲೇ ಇತ್ತು.

ಜುಲೈನ ಒಂದು ಮಧ್ಯಾಹ್ನ, ಜಿನುಗು ಮಳೆ. ಕಾಲೇಜಿನ ವರಾಂಡದ ತುದಿಯಲ್ಲಿ ನಮ್ಮ ಕ್ಲಾಸಿನ ಚಾಂದಿನಿ ಫೋನಿಗೆ ಮುಖ ಕೊಟ್ಟು ಕೂಗುತ್ತಿದ್ದಳು. “ಮಾಮಾ! ಸಾ ವಾ? ಸಾ ವಾ ಬಿಯಾಂ?” ಹೇಗಿದ್ದೀರಿ, ಚೆನ್ನಾಗಿದ್ದೀರಾ ಎಂದು. ನನ್ನ ಮೊದಲನೇ ಪಾಠದ ಮೊದಲನೇ ಸಾಲು. ನಾನು ಊಟದ ಡಬ್ಬಿ ಮುಚ್ಚದೆ ಎದ್ದು ಹೋದೆ.

“ಏ, ಅದು ಫ್ರೆಂಚ್ ಅಲ್ವೇನೇ?”

“ಹೌದು. ನಿಂಗೆ ಹೆಂಗೆ ಗೊತ್ತಾತು?”

“ನಾನೂ ಕಲೀತಿದೀನಿ. ಆನ್‌ಲೈನ್ ಕ್ಲಾಸು.”

“ಹೌದಾ! ಹಂಗಾರೆ ಮಾತಾಡು ನೋಡಾಣ, ಮಾಮಾ ಲೈನಲ್ಲೇ ಅದಾರೆ,” ಎಂದು ಫೋನನ್ನು ನನ್ನ ಕಿವಿಗೆ ಒತ್ತಿಯೇ ಬಿಟ್ಟಳು.

ಆ ಕಡೆಯಿಂದ ದಪ್ಪ, ಬೆಚ್ಚನೆಯ ಹೆಂಗಸಿನ ದನಿ ಏನೋ ಕೇಳಿತು. ಹಿಂದೆ ಕೋಳಿ ಕೂಗುತ್ತಿತ್ತು. ನನ್ನ ಒಂಬೈನೂರು ಪದಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಫೋನು ವಾಪಸ್ ಕೊಟ್ಟೆ. ಚಾಂದಿನಿ ಆ ಹೆಂಗಸಿಗೆ ಏನೋ ಹೇಳಿದಳು, ಇಬ್ಬರೂ ನಕ್ಕರು. ನನ್ನ ಬಗ್ಗೆಯೇ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಆ ವರ್ಷ ನನಗೆ ಬೇಕಾದದ್ದು ಏನೆಂದು ಅಲ್ಲಿಯೇ ತೀರ್ಮಾನವಾಯಿತು. ಶಾಲೆಯ ಕೆಲಸವೂ ಅಲ್ಲ, ಬಯೋಡೇಟಾವೂ ಅಲ್ಲ. ಚಾಂದಿನಿ ನಕ್ಕ ಹಾಗೆ ನಾನು ಆ ಭಾಷೆಯಲ್ಲಿ ಒಬ್ಬರ ಜೊತೆ ನಗಬೇಕು.

ಚಾಂದಿನಿ ಚನ್ನಗಿರಿಗೆ ಹತ್ತಿರದ ಹಕ್ಕಿಪಿಕ್ಕಿ ಕ್ಯಾಂಪಿನವಳು. ಅವರಲ್ಲಿ ಬಹಳ ಮಂದಿ ಗಿಡಮೂಲಿಕೆಯ ಎಣ್ಣೆ ಮಾಡಿ ಗುಂಪು ಕಟ್ಟಿಕೊಂಡು ಆಫ್ರಿಕಾದ ದೇಶಗಳಿಗೆ ಹೋಗುತ್ತಾರೆ, ತಿಂಗಳುಗಟ್ಟಲೆ ಇದ್ದು ಮಾರಿ ಬರುತ್ತಾರೆ. ಅವಳ ಅಮ್ಮ ಸುಂದರಮ್ಮ ಆಗ ಫ್ರೆಂಚ್ ಆಡುವ ಗ್ಯಾಬನ್ ದೇಶದ ಒಂದು ಊರಲ್ಲಿದ್ದರು. ಅವರು ಬಾಡಿಗೆಗಿದ್ದ ಮನೆಯ ಯಜಮಾನಿಯೇ ಈ ಮಾಮಾ ರೋಜ್. ಕ್ಯಾಂಪಿನಲ್ಲಿ ಮನೆಯೊಳಗೆ ಅವರದೇ ವಾಗ್ರಿ, ಬೀದಿಯಲ್ಲಿ ಕನ್ನಡ, ಊರೂರು ತಿರುಗುವಾಗ ತಮಿಳು, ತೆಲುಗು, ಹಿಂದಿ. ಅವರಿಗೆ ಫ್ರೆಂಚು ಇನ್ನೊಂದು ಸಂತೆಯ ಭಾಷೆ, ಅಷ್ಟೇ.

ಈ ಫೋನಿನ ವಿಷಯ ಅತ್ತೆಗೆ ಹೇಳಿದಾಗ ಅವರಿಗೆ ಬೇರೆಯೇ ಚಿಂತೆ ಹತ್ತಿತು.

“ಅದ್ಯಾವ ಮಾಮನೇ ಅವಳಿಗೆ ಫೋನ್ ಮಾಡೋನು?”

“ಮಾಮ ಅಲ್ಲತ್ತೆ, ಹೆಂಗಸು. ಆ ಕಡೆ ಅಮ್ಮಂಗೆ ಹಂಗಂತಾರೆ.”

“ಹೆಂಗಸಿಗೆ ಮಾಮಾ ಅಂತಾರಾ? ಫೀಸು ಕಟ್ಟಿ ಇದನ್ನ ಕಲಿಯಾಕೆ ಹತ್ತೀಯಾ ನೀನು?” ಎಂದು ಮಂಡಕ್ಕಿಗೆ ಒಗ್ಗರಣೆ ಕಲೆಸುತ್ತಲೇ ನಕ್ಕರು.

ಆಗಸ್ಟಿನಲ್ಲಿ ಚಾಂದಿನಿ ನನ್ನನ್ನು ಕ್ಯಾಂಪಿಗೆ ಕರೆದುಕೊಂಡು ಹೋದಳು. ಅಲ್ಲಿ ಭಾನುವಾರದ ಮಧ್ಯಾಹ್ನ ‘ಸಂತೆ ಆಟ’ ನಡೆಯುತ್ತಿತ್ತು. ಮುಂದಿನ ಗುಂಪಿನಲ್ಲಿ ಹೋಗುವವರಿಗೆ ಫ್ರೆಂಚ್ ಕಲಿಸುವ ಅವರ ಪದ್ಧತಿ ಅದು. ಒಬ್ಬರು ಚಾಪೆಯ ಮೇಲೆ ಎಣ್ಣೆ ಬಾಟಲಿ ಇಟ್ಟುಕೊಂಡು ವ್ಯಾಪಾರಿಯಾಗಿ ಕೂರಬೇಕು. ಅಲ್ಲಿಗೆ ಎರಡು ಸಲ ಹೋಗಿ ಬಂದ ಚಾಂದಿನಿಯ ದೊಡ್ಡಮ್ಮ ತಲೆಗೆ ಹೂಹೂವಿನ ಬಟ್ಟೆ ಸುತ್ತಿಕೊಂಡು ಗಿರಾಕಿ. ಗಿರಾಕಿ ಫ್ರೆಂಚಿನಲ್ಲಿ ಏನು ಬೇಕಾದರೂ ತಕರಾರು ತೆಗೆಯಬಹುದು. ರೇಟು ಜಾಸ್ತಿ, ಕಳೆದ ಸಲದ ಎಣ್ಣೆಗೆ ನನ್ನ ಕೂದಲೆಲ್ಲ ಉದುರಿತು, ನಿನ್ನ ತಲೆಯಲ್ಲೇ ಕೂದಲಿಲ್ಲವಲ್ಲ. ಅವಳು ಎದ್ದು ಹೋಗದ ಹಾಗೆ ಮಾತಿನಲ್ಲಿ ಹಿಡಿದಿಡಬೇಕು. ಹೋದರೆ ವ್ಯಾಪಾರಿ ಸೋತ ಹಾಗೆ, ಸುತ್ತ ಕೂತವರಿಗೆಲ್ಲ ಒಂದೊಂದು ಹಿಡಿ ಶೇಂಗಾ ಕೊಡಬೇಕು.

ನನ್ನನ್ನೂ ಕೂರಿಸಿದರು. ನಾನು ನಮಸ್ಕಾರ ಹೇಳಿದೆ, ಕ್ಷೇಮ ವಿಚಾರಿಸಿದೆ, ಆಮೇಲೆ ಒಂದು ಒಳ್ಳೆಯ ವಾಕ್ಯ ಕಟ್ಟತೊಡಗಿದೆ. ಹಲವು ಬಗೆಯ ಗಿಡಮೂಲಿಕೆಗಳಿಂದ ತಯಾರಾದ ಈ ಎಣ್ಣೆಯು, ಮೇಡಂ, ನಿಮ್ಮ... ಕ್ರಿಯಾಪದ ಯೋಚಿಸಿ ತಲೆ ಎತ್ತುವಷ್ಟರಲ್ಲಿ ಎದುರಿಗೆ ಗಿರಾಕಿ ಇರಲಿಲ್ಲ. ದೊಡ್ಡಮ್ಮ ಆಚೆ ಮನೆಯ ಜಗಲಿಯಲ್ಲಿ ನೀರು ಕುಡಿಯುತ್ತ ಕೂತಿದ್ದರು.

“ಗಿರಾಕಿ ಬ್ಯಾರೆ ಅಂಗಡಿಗೆ ಹೋದ್ಲು ಟೀಚರಮ್ಮ! ತೆಗೀರಿ ಶೇಂಗಾ!” ಎಂದು ಯಾರೋ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಚಾಂದಿನಿ ಕೂತಳು. ಅವಳು ವಾಕ್ಯ ಕಟ್ಟಲೇ ಇಲ್ಲ. ಎದ್ದು ಹೊರಟ ದೊಡ್ಡಮ್ಮನ ಕೈ ಹಿಡಿದು, ಅಂಗೈಗೆ ನಾಲ್ಕು ಹನಿ ಎಣ್ಣೆ ಬಿಟ್ಟು, “ಮಾಮಾ, ಮುಟ್ಟು, ಮೂಸು, ಗಂಡ ಖುಷಿ, ನೀನು ಖುಷಿ, ನಾನು ಖುಷಿ,” ಎಂಬಷ್ಟನ್ನೇ ಫ್ರೆಂಚಿನಲ್ಲಿ ಹೇಳಿದಳು. ದೊಡ್ಡಮ್ಮ ನಗು ತಡೆಯಲಾರದೆ ಕೂತೇ ಬಿಟ್ಟರು.

“ನೀನು ಪೂರ್ತಿ ಕಟ್ಟಿ ಮುಗಿಸಾಕೆ ಹೋಗ್ತೀಯ,” ಎಂದಳು ಚಾಂದಿನಿ ನನಗೆ. “ಗಿರಾಕಿ ಕಾಯಲ್ಲ ಕಣೇ. ಮೊದ್ಲು ಕೈ ಹಿಡ್ಕಾ, ಆಮೇಲೆ ಮಾತು.”

ವಾಪಸ್ ಬರುವಾಗ ಆಟೋದಲ್ಲಿ ಕೂತು ಅವಳ ತಪ್ಪುಗಳನ್ನು ಎಣಿಸಿದೆ. ಅಷ್ಟು ಚಿಕ್ಕ ಮಾತಿನಲ್ಲಿ ಏಳು ತಪ್ಪು. ದಿನಚರಿಯಲ್ಲಿ ಬರೆದೆ ಕೂಡ. ಊಟದ ಹೊತ್ತಿನವರೆಗೆ ಅದರಿಂದ ಸಮಾಧಾನ ಸಿಕ್ಕಿತು.

ಅವಳು ಯಾಕೆ ಕಲಿಯುತ್ತಿದ್ದಾಳೆ ಎಂದು ಒಮ್ಮೆ ಕೇಳಿದ್ದೆ. ಅವಳಿಗೆ ಗ್ಯಾಬನ್‌ಗೆ ಹೋಗುವ ಯೋಚನೆ ಇರಲಿಲ್ಲ, ಟೀಚರ್ ಆಗಬೇಕೆಂದೇ ಬಿ.ಇಡಿ.ಗೆ ಬಂದವಳು. “ವರ್ಷದಾಗೆ ಅರ್ಧ ನಮ್ಮಮ್ಮನ್ನ ನಾನು ನೋಡ್ತೀನಿ, ಇನ್ನರ್ಧ ಆ ಮಾಮಾ ನೋಡ್ತಾರೆ. ಅಮ್ಮ ಅಲ್ಲಿ ಹೆಂಗಿರ್ತಾಳೆ, ಏನು ತಿಂತಾಳೆ, ಯಾರ ಜೊತೆ ಜಗಳ ಆಡ್ತಾಳೆ, ಎಲ್ಲ ಅವ್ರಿಗೇ ಗೊತ್ತು. ಅವ್ರ ಜೊತೆ ಮಾತಾಡದಿದ್ರೆ ಅಮ್ಮನ ಅರ್ಧ ನಂಗೆ ಗೊತ್ತೇ ಆಗಲ್ಲ,” ಎಂದಳು. ಹೇಳಿ, ಮಾಮಾ ರೋಜ್ ಕಳಿಸಿದ ಹೊಸ ಧ್ವನಿ ಸಂದೇಶ ಹಾಕಿದಳು. ಸುಂದರಮ್ಮ ಅಲ್ಲಿನ ಮೀನಿನ ಸಾರಿಗೆ ಮನೆಯಿಂದ ಒಯ್ದ ಖಾರದಪುಡಿ ಸುರಿದು ಮನೆಯವರನ್ನೆಲ್ಲ ಕೆಮ್ಮಿಸಿದ ಕಥೆ ಅದು. ಚಾಂದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಬಿಡಿಸಿ ಹೇಳಿದ ಮೇಲೆ ನಾನೂ ನಕ್ಕೆ, ತಡವಾಗಿ.

ನನ್ನಮ್ಮ ನ್ಯಾಮತಿಯಲ್ಲಿ, ದಿನಾ ಎರಡು ಸಲ ಫೋನು, ಊಟಕ್ಕೆ ಏನು ಮಾಡಿದರು ಎಂಬುದರವರೆಗೆ ಎಲ್ಲ ವರದಿ. ಅವಳನ್ನು ತಿಳಿಯಲು ನನಗೆ ಯಾವ ಭಾಷೆಯನ್ನೂ ಕಲಿಯಬೇಕಿರಲಿಲ್ಲ. ಚಾಂದಿನಿಯ ಅಮ್ಮ ದೂರ ಇದ್ದಾಳೆ ಎಂಬುದಕ್ಕೂ ನನಗೆ ಹೊಟ್ಟೆ ಉರಿದ ದಿನಗಳಿದ್ದವು. ಅಂಥದ್ದಕ್ಕೂ ಉರಿಯಬಹುದೇ ಎಂದು ಕೇಳಿದರೆ, ಉರಿಯಬಹುದು.

ಸೆಪ್ಟೆಂಬರಿನಲ್ಲಿ ನಾನು ಟೈಮ್‌ಟೇಬಲ್ ಬದಲಿಸಿದೆ. ಚಾಂದಿನಿಗೆ ಭಾಷೆ ಬರುತ್ತಿರುವುದು ಖುಷಿಯಿಂದ, ಹಾಗಾದರೆ ನಾನೂ ಖುಷಿಗೆ ಸಮಯ ಕೊಡಬೇಕು ಎಂದು ಯೋಚಿಸಿ, ಎಂಟೂವರೆಯಿಂದ ಒಂಬತ್ತರವರೆಗೆ ‘ಖುಷಿ’ ಎಂದು ಬರೆದೆ. ಆ ಅರ್ಧ ಗಂಟೆ ಫ್ರೆಂಚ್ ಹಾಡು ಕೇಳುತ್ತ, ಅಡುಗೆಯ ವಿಡಿಯೋ ನೋಡುತ್ತ, ಒಂಬತ್ತಾಯಿತೇ ಎಂದು ಗಡಿಯಾರ ನೋಡುತ್ತಿದ್ದೆ. ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು, “ಯಾಕವ್ವ, ಹಲ್ಲುನೋವೇನು?” ಎಂದು ಕೇಳಿದರು. ಹಾಡು ಕೇಳುತ್ತ ಖುಷಿ ಪಡಲು ಹೆಣಗುತ್ತಿದ್ದ ನನ್ನ ಮುಖ ಅವರಿಗೆ ಹಾಗೆ ಕಂಡಿತ್ತು.

ಅಕ್ಟೋಬರಿನಲ್ಲಿ ಬೆಂಗಳೂರಿಗೆ ಹೋಗಿ ಫ್ರೆಂಚಿನ ಮೊದಲ ಹಂತದ ಪರೀಕ್ಷೆ ಬರೆದೆ. ಮಾತಿನ ಪರೀಕ್ಷೆಯಲ್ಲಿ, ನೀವು ಯಾಕೆ ಫ್ರೆಂಚ್ ಕಲಿಯುತ್ತಿದ್ದೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ‘ನನ್ನ ವೃತ್ತಿಗಾಗಿ, ಮತ್ತು ನನಗೆ ಪ್ರವಾಸವೆಂದರೆ ಇಷ್ಟ’ ಎಂದು ಬಾಯಿಪಾಠ ಮಾಡಿಕೊಂಡು ಹೋಗಿ ತಡವರಿಸದೆ ಒಪ್ಪಿಸಿದೆ. ಒಳ್ಳೆಯ ಅಂಕ ಬಂತು. ಅತ್ತೆ ಬೀದಿಗೆಲ್ಲ ಹೇಳಿದರು. ಚನ್ನಗಿರಿಯ ರಸ್ತೆಗಳ ಅಂಚಿನಲ್ಲಿ ಮೆಕ್ಕೆಜೋಳ ಒಣಗಲು ಹರಡಿದ್ದ ದಿನಗಳು. ಬಸ್ಸು, ಬೈಕು ಎಲ್ಲ ಅದರ ಪಕ್ಕದಲ್ಲಿ ಸುತ್ತಿಕೊಂಡು ಹೋಗುತ್ತಿದ್ದವು. ಆ ಜೋಳದ ರಾಶಿ ದಾಟಿಕೊಂಡು ಚಾಂದಿನಿ ಪೇಡೆಯ ಪೊಟ್ಟಣ ಹಿಡಿದು ಮನೆಗೆ ಬಂದಳು.

“ನಮ್ಮ ಕ್ಲಾಸಿಗೇ ಒಬ್ಳೇ ಫ್ರೆಂಚ್ ಪಾಸು! ಅತ್ತೆ, ನೀವೂ ತಗಾಳ್ರಿ,” ಎಂದು ಎಲ್ಲರಿಗೂ ಹಂಚಿದಳು. ಅವಳ ಮುಖವನ್ನೇ ನೋಡಿದೆ. ಎಲ್ಲಿಯಾದರೂ ಒಂದು ಚೂರು ಹೊಟ್ಟೆಕಿಚ್ಚು ಕಂಡೀತೇ ಎಂದು ಹುಡುಕಿದೆ. ಇರಲಿಲ್ಲ. ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ, “ಚೆಂದ ಐತೆ, ಲ್ಯಾಮಿನೇಶನ್ ಮಾಡ್ಸು,” ಎಂದಳು. ನಾನು ಅಷ್ಟು ಕಷ್ಟಪಟ್ಟು ಗೆದ್ದದ್ದನ್ನು ಅವಳು ಬಯಸಿಯೇ ಇರಲಿಲ್ಲ. ಅದಕ್ಕೇ ಅವತ್ತು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಅವಳು ಓಡಿಕೊಂಡು ಬಂದಳು. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ಸುಂದರಮ್ಮನಿಗೆ ಜ್ವರ ಏರಿ, ಉಸಿರಾಡಲು ಕಷ್ಟವಾಗಿತ್ತು, ಮಾಮಾ ರೋಜ್ ಆಸ್ಪತ್ರೆಗೆ ಸೇರಿಸಿದ್ದರು. ಜೊತೆಗೆ ಹೋಗಿದ್ದ ಕ್ಯಾಂಪಿನವರು ವ್ಯಾಪಾರಕ್ಕೆ ದೂರದ ಇನ್ನೊಂದು ಊರಿಗೆ ಹೋಗಿದ್ದರು, ಅವರ ಫೋನು ಸಿಗುತ್ತಿರಲಿಲ್ಲ. ದೊಡ್ಡಮ್ಮ ಊರಲ್ಲಿರಲಿಲ್ಲ. ಮಾಮಾ ರೋಜ್ ಆಸ್ಪತ್ರೆಯಿಂದ ಒಂದರ ಮೇಲೊಂದು ಧ್ವನಿ ಸಂದೇಶ ಕಳಿಸಿದ್ದರು, ಗಾಬರಿಯಲ್ಲಿ, ಬಹಳ ವೇಗವಾಗಿ.

“ಜ್ವರ ಅಂತಾರೆ, ಎದೆ ಅಂತಾರೆ, ಡಾಕ್ಟ್ರು ಅಂತಾರೆ. ಆಮೇಲೆ ಏನೋ ಕೇಳ್ತಾರೆ ಕಣೇ, ತಿರುಗಾ ತಿರುಗಾ ಕೇಳ್ತಾರೆ. ನಂಗೆ ತಿಳೀವಲ್ದು. ಸಂತೆ ಮಾತಲ್ಲ ಅದು,” ಎಂದಳು. ಅವಳನ್ನು ಹಾಗೆ ನಾನು ನೋಡಿಯೇ ಇರಲಿಲ್ಲ.

ನಾನು ಸಂದೇಶಗಳನ್ನು ನಿಧಾನದ ವೇಗಕ್ಕೆ ಹಾಕಿದೆ. ಕ್ಲಾಸಿನ ಆಡಿಯೋಗಳನ್ನು ಕೇಳುತ್ತಿದ್ದದ್ದೇ ಹಾಗೆ. ಕೇಳಿ, ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿ, ಒಂದೊಂದು ತುಂಡನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ಎದೆಯಲ್ಲಿ ಸೋಂಕು. ಡಾಕ್ಟರು ಇಂಜೆಕ್ಷನ್ ಶುರು ಮಾಡುವವರಿದ್ದಾರೆ. ಸುಂದರಮ್ಮನಿಗೆ ಮಾತಾಡುವಷ್ಟು ಶಕ್ತಿ ಇಲ್ಲ. ಆಮೇಲೆ ಆ ಪ್ರಶ್ನೆ. ಮೂರನೇ ಸಲಕ್ಕೆ ಸ್ಪಷ್ಟವಾಯಿತು.

“ನಿಮ್ಮಮ್ಮಂಗೆ ಯಾವ್ದಾದ್ರೂ ಔಷಧಿ ಆಗಿಬರಲ್ವಾ ಅಂತ ಕೇಳ್ತಿದಾರೆ. ಡಾಕ್ಟ್ರಿಗೆ ಬೇಗ ಹೇಳ್ಬೇಕಂತೆ.”

ಚಾಂದಿನಿ ಎರಡೂ ಕೈ ತಲೆಗೆ ಹೊತ್ತುಕೊಂಡಳು. “ಅಯ್ಯಯ್ಯೋ! ಪೆನ್ಸಿಲಿನ್! ಆಗಲ್ಲ ಅವಳಿಗೆ! ಒಂದ್ಸಲ ಇಲ್ಲೇ ಹಾಕಿದ್ರು, ಮುಖ ಇಷ್ಟಪ್ಪ ಊದಿತ್ತು, ಉಸಿರೇ ನಿಂತು ಹೋಗಿತ್ತು!”

ಕರೆ ಮಾಡಿ ಫೋನು ನನ್ನ ಕೈಗೆ ಕೊಟ್ಟಳು. ಹೇಳಬೇಕಾದ ವಾಕ್ಯ ನನ್ನ ತಲೆಯಲ್ಲಿ ಪೂರ್ತಿಯಾಗಿ, ಒಂದೂ ತಪ್ಪಿಲ್ಲದೆ ನಿಂತಿತ್ತು. ಮಾಮಾ ರೋಜ್ ಎತ್ತಿದರು. ಹಿಂದೆ ಆಸ್ಪತ್ರೆಯ ಗದ್ದಲ. “ಅಲೋ? ಅಲೋ?” ಆ ವಾಕ್ಯ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ಚಾಂದಿನಿ ಅರೆಕ್ಷಣ ನನ್ನ ಮುಖ ನೋಡಿ ಫೋನು ಕಿತ್ತುಕೊಂಡಳು.

“ಮಾಮಾ! ಪೆನ್ಸಿಲಿನ್ ಬೇಡ! ಬೇಡ, ಬೇಡ! ಅಮ್ಮ, ಪೆನ್ಸಿಲಿನ್, ಮುಖ ದೊಡ್ಡದು! ಗಾಳಿ ಇಲ್ಲ! ಓಡಿ, ಮಾಮಾ, ಡಾಕ್ಟರ್ ಹತ್ರ ಓಡಿ!” ಎಂದು ಅವಳ ಸಂತೆಯ ಫ್ರೆಂಚಿನಲ್ಲಿ ಕಿರುಚಿದಳು. ಆ ಕಡೆ ಚಪ್ಪಲಿಯ ಸದ್ದು, ಬಾಗಿಲ ಸದ್ದು, ಮಾಮಾ ರೋಜ್ ಯಾರನ್ನೋ ಜೋರಾಗಿ ಕೂಗಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರು ಏದುಸಿರು ಬಿಡುತ್ತ ಲೈನಿಗೆ ಬಂದರು. ಇಂಜೆಕ್ಷನ್ ಇನ್ನೂ ಹಾಕಿರಲಿಲ್ಲ. ಬೇರೆ ಔಷಧಿ ಬರೆಯುತ್ತಿದ್ದಾರೆ.

ಚಾಂದಿನಿ ನೆಲಕ್ಕೆ ಕುಸಿದು ನನ್ನ ಮಂಡಿಗೆ ತಲೆ ಇಟ್ಟು ಅತ್ತಳು. ಅತ್ತೆ ಅವಳ ಬೆನ್ನು ಸವರಿ, “ಏಳವ್ವ, ನೀರು ಕುಡಿ. ಏನೂ ಆಗಲ್ಲ ನಿಮ್ಮಮ್ಮಂಗೆ,” ಎಂದರು. ನಾನೂ ಅವಳ ತಲೆ ಸವರುತ್ತಿದ್ದೆ. ಸುಂದರಮ್ಮ ಉಳಿದರಲ್ಲ ಎಂಬ ನೆಮ್ಮದಿ ನಿಜವಾಗಿಯೂ ಇತ್ತು. ಆದರೆ ಅದರ ಪಕ್ಕದಲ್ಲೇ ಆ ಇನ್ನೊಂದೂ ಕೂತಿತ್ತು. ಪ್ರಶ್ನೆ ಅರ್ಥ ಮಾಡಿಕೊಂಡವಳು ನಾನು, ಉತ್ತರ ಕೂಗಿದವಳು ಅವಳು. ಅಂಥ ಹೊತ್ತಿನಲ್ಲೂ ಅವಳ ಬಾಯಿ ತೆರೆಯಿತು, ನನ್ನದು ತೆರೆಯಲಿಲ್ಲ. ಅವತ್ತಿನ ದಿನಚರಿಯಲ್ಲಿ ಒಂದೇ ಸಾಲಿದೆ: ‘ಸುಂದರಮ್ಮ ಪಾರು.’ ಪಕ್ಕದ ಕಾಲಂ ಖಾಲಿ.

ಡಿಸೆಂಬರಿನಲ್ಲಿ ಸುಂದರಮ್ಮ ಚೇತರಿಸಿಕೊಂಡು ಮಾಮಾ ರೋಜ್ ಮನೆಗೆ ವಾಪಸ್ಸಾದರು. ಒಂದು ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಚಾಂದಿನಿ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ವಿಡಿಯೋ ಕರೆ ಮಾಡಿದಳು. ಚಳಿಯ ಬಿಸಿಲು. ಮೊದಲು ಸುಂದರಮ್ಮ ಬಂದರು, ಸೊರಗಿದ್ದರು, ಆದರೂ ನನ್ನನ್ನು ನೋಡಿ, “ನೀನೇ ಏನವ್ವ ಆ ಮಾತು ಬಿಡಿಸಿದಾಕಿ? ನಿನ್ನ ಹೊಟ್ಟೆ ತಣ್ಣಗಿರ್ಲಿ,” ಎಂದರು. ನನ್ನ ಹೊಟ್ಟೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಮಾಮಾ ರೋಜ್ ಫೋನು ತೆಗೆದುಕೊಂಡರು. ಅಗಲ ಮುಖ, ಹಣೆಯ ಮೇಲೆ ಕನ್ನಡಕ. ನನ್ನನ್ನು ಚೆನ್ನಾಗಿ ನೋಡಿ, ಮೊದಲ ಸಲ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದರು.

“ಚಾಂದಿನಿ ಅವಳ ಅಮ್ಮನಿಗಾಗಿ ಕಲಿತಳು. ನಿನ್ನ ಅಮ್ಮ ಇಲ್ಲಿಲ್ಲ. ನೀನು ಯಾಕೆ ಕಲಿತೆ, ಮಗಳೇ?”

ಬಾಯಿಪಾಠದ ಉತ್ತರ ತಾನಾಗಿ ಹೊರಟಿತು. ‘ನನ್ನ ವೃತ್ತಿಗಾಗಿ...’ ಎಂದೆ. ಮಾಮಾ ರೋಜ್ ಇನ್ನೂ ಕಾಯುತ್ತಿದ್ದರು. ಅವರ ಹಿಂದೆ ಕೋಳಿಯೊಂದು ಅಂಗಳ ಕೆದರುತ್ತಿತ್ತು. ಅವರು ಆ ಉತ್ತರವನ್ನು ಕೊಳ್ಳುವವರಲ್ಲ ಎಂದು ಅನ್ನಿಸಿತು. ನಾನು ಅದನ್ನು ಅರ್ಧಕ್ಕೇ ಬಿಟ್ಟೆ. ಪಕ್ಕದಲ್ಲಿ ಪೇರಲೆ ಕಚ್ಚುತ್ತ ಕೂತಿದ್ದ ಚಾಂದಿನಿಯ ಕಡೆ ಬೆರಳು ತೋರಿಸಿ, “ಜೆ ಸ್ವಿ ಜಲೂಜ್,” ಎಂದೆ. ನನಗೆ ಹೊಟ್ಟೆಕಿಚ್ಚು. “ಇವಳು ನಿಮ್ಮ ಜೊತೆ ನಗ್ತಾಳೆ. ನನಗೆ ಬರಲ್ಲ.” ಎಲ್ಲ ಫ್ರೆಂಚಿನಲ್ಲೇ; ಯೋಚಿಸಿ ಕಟ್ಟಿದ ಮಾತಲ್ಲ, ತಪ್ಪುಗಳೂ ಇದ್ದಿರಬೇಕು.

ಮಾಮಾ ರೋಜ್ ಅವರ ಕನ್ನಡಕ ಹಣೆಯಿಂದ ಮೂಗಿಗೆ ಜಾರಿತು. ಆಮೇಲೆ ನಕ್ಕರು ನೋಡಿ, ಫೋನು ಅಲುಗಾಡಿ ಪರದೆಯ ತುಂಬ ಬರೀ ಸೂರು ಕಂಡಿತು. “ಇವಳ ಮೇಲಾ? ಈ ಬಜಾರಿನ ಗಿಣಿಯ ಮೇಲಾ?” ಎಂದು ಕಣ್ಣೊರೆಸಿಕೊಂಡರು. ತನಗೊಬ್ಬ ಅಕ್ಕ ಇದ್ದಳು, ಚರ್ಚಿನಲ್ಲಿ ಹಾಡಿದರೆ ಪಾದ್ರಿಯೂ ಅಳುತ್ತಿದ್ದರು, ತಾನು ಇಪ್ಪತ್ತು ವರ್ಷ ಅವಳ ಪಕ್ಕದಲ್ಲಿ ನಿಂತು ಬರೀ ಬಾಯಿ ಆಡಿಸಿದೆ ಎಂದರು. ಅವಳಿಗೆ ಒಮ್ಮೆ ಹಾಡಿನ ದಿನವೇ ನೆಗಡಿಯಾಗಿತ್ತಂತೆ. “ಆ ಖುಷಿಗೆ ದೇವರಿಗೆ ಎಷ್ಟು ಮೇಣದಬತ್ತಿ ಹಚ್ಚಿದೆ ಗೊತ್ತಾ!” ಎಂದರು. ನಾನು ನಕ್ಕೆ. ಯಾರೂ ಬಿಡಿಸಿ ಹೇಳುವ ಮೊದಲೇ, ಅವರು ನಕ್ಕ ಹೊತ್ತಿಗೇ ನಕ್ಕೆ. ಆಮೇಲೆ ಏನಾಯಿತು, ಅವಳು ಹಾಡಿದಳಾ ಎಂದು ಕೇಳಿದೆ. ಅವರು ಹೇಳಿದರು, ನಾನು ಮತ್ತೇನೋ ಕೇಳಿದೆ.

ಚಾಂದಿನಿ ಪೇರಲೆ ಕೆಳಗಿಟ್ಟಳು. ‘ಜಲೂಜ್’ ಅವಳ ಸಂತೆಯಲ್ಲಿ ಬಳಕೆಯಾಗುವ ಪದವಲ್ಲ. ಅಕ್ಕ, ಚರ್ಚು, ಮೇಣದಬತ್ತಿ, ಇವೂ ಎಣ್ಣೆ ಮಾರುವಾಗ ಬರುವುದಿಲ್ಲ.

“ಏ, ಏನಂದೆ? ನನ್ನ ತೋರ್ಸಿ ಏನೋ ಅಂದೆ. ಮಾಮಾ ಯಾಕೆ ಹಂಗೆ ನಗ್ತಿದಾರೆ?”

“ತಡಿ ಸ್ವಲ್ಪ.”

“ನನ್ನ ಮಾಮಾ ಕಣೇ ಅದು! ಹೇಳೇ! ನಂಗೂ ಕೊಡು!” ಎಂದು ಫೋನಿಗೆ ಕೈ ಹಾಕಿದಳು.

“ಅವ್ರು ಹೇಳ್ತಿರಾದು ಮುಗೀಲಿ, ಆಮೇಲೆ,” ಎಂದೆ. ಫೋನನ್ನು ಆಚೆ ಕೈಗೆ ಬದಲಿಸಿಕೊಂಡು, ಅವಳಿಗೆ ಎಟುಕದ ಹಾಗೆ ಒಂದು ಮೆಟ್ಟಿಲು ಮೇಲೆ ಸರಿದು ಕೂತೆ.